ಇಬ್ಬರು ಮಾವಂದಿರ ಅಧಿಕ ಮಾಸ

ಹನ್ನೆರಡು ತಿಂಗಳಿಗೂ ಒಬ್ಬೊಬ್ಬ ದೇವರಿದ್ದಾನೆ. ಸುಮಾರು ಮೂರು ವರ್ಷಕ್ಕೊಮ್ಮೆ ಹುಟ್ಟುವ ಹದಿಮೂರನೆಯದಕ್ಕೆ ಮಾತ್ರ ಯಾರೂ ಇರಲಿಲ್ಲ. ಚಂದ್ರ ಅವಸರದವನು, ಸೂರ್ಯ ನಿಧಾನಿ. ಇಬ್ಬರ ಲೆಕ್ಕದ ನಡುವೆ ಉಳಿದ ಚೂರುಪಾರು ದಿನಗಳನ್ನೆಲ್ಲ ಗುಡಿಸಿ ಒಂದು ತಿಂಗಳು ಮಾಡಿದರು, ಮಲಮಾಸ ಎಂದು ಕರೆದರು. ಮದುವೆಗೆ ಅದು ಬೇಡ, ಮುಂಜಿಗೆ ಬೇಡ, ಗೃಹಪ್ರವೇಶಕ್ಕೆ ಬೇಡ. ಪಾಪ, ಅಳುತ್ತ ವೈಕುಂಠಕ್ಕೆ ಹೋಯಿತಂತೆ. ವಿಷ್ಣು ಕನಿಕರಪಟ್ಟು ತನ್ನ ಹೆಸರನ್ನೇ ಕೊಟ್ಟ: ಪುರುಷೋತ್ತಮ ಮಾಸ. ಹೆಸರು ಕೊಟ್ಟವನು ಖರ್ಚು ಕೊಡಲಿಲ್ಲ. ಅದನ್ನು ಹೆಣ್ಣು ಹೆತ್ತವರ ತಲೆಗೆ ಕಟ್ಟಿದ. ಅಳಿಯನೆಂದರೆ ನಾರಾಯಣ, ಮಗಳೆಂದರೆ ಲಕ್ಷ್ಮಿ. ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಅಕ್ಕಿ-ಬೆಲ್ಲ ಕಲಸಿ ಕರಿದ ಮೂವತ್ತಮೂರು ಅನರಸ, ಒಂದು ದೀಪ ಇಟ್ಟು ವಾಣವೆಂಬ ದಾನ ಕೊಡಬೇಕು. ಅನರಸವೇ ಯಾಕೆಂದರೆ ಅದರ ಮೈತುಂಬ ತೂತು. ತೂತಿರುವ ಪದಾರ್ಥವೇ ಈ ತಿಂಗಳಿಗೆ ಶ್ರೇಷ್ಠ ಎನ್ನುತ್ತಾರೆ ಭಟ್ಟರು. ತೂತಿರುವ ಮಾತು ಎಷ್ಟು ದೂರ ನಡೆಯುತ್ತದೆ ಎಂಬುದನ್ನು ನಮ್ಮ ವಾಡೆಯ ಮುಕುಂದರಾವ್ ಖರ್ಶೀಕರ್ ತೋರಿಸಿಕೊಟ್ಟರು.

ವಾಯಿ ಊರಿನಲ್ಲಿ ಕೃಷ್ಣಾ ಘಾಟಿಗೆ ಹತ್ತಿರ ನಮ್ಮ ವಾಡೆ. ನಡುವೆ ಅಂಗಳ, ಸುತ್ತ ಬಾಡಿಗೆಯ ಖೋಲಿಗಳು. ಮುಕುಂದರಾವ್ ಅವರ ಖೋಲಿಗೂ ನನ್ನದಕ್ಕೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವರು ಕೆಮ್ಮಿದರೆ ನಾನು ನೀರು ಕುಡಿಯುತ್ತೇನೆ. ಆದ್ದರಿಂದ ಇಲ್ಲಿ ನಾನು ಹೇಳುವುದೆಲ್ಲ ಬಾಗಿಲಿನಿಂದ ಕಂಡದ್ದು, ಇಲ್ಲವೆ ಕಿವಿಯಾರೆ ಕೇಳಿದ್ದು. ಕದ್ದು ಕೇಳಿದ್ದಲ್ಲ, ಬೇಡವೆಂದರೂ ಕೇಳಿಸಿದ್ದು.

ಅವರು ತಹಶೀಲ ಕಚೇರಿಯಲ್ಲಿ ಹಳೆಯ ಕಾಗದಗಳ ಕೋಣೆಯ ಗುಮಾಸ್ತ. ಮೊದಲ ಹೆಂಡತಿ ವತ್ಸಲಾ ಸಾತಾರೆಯ ತಾತ್ಯಾ ಮೊಕಾಶಿಯವರ ಮಗಳು. ಶೈಲಾ ಎಂಬ ಹಸುಗೂಸನ್ನು ಬಿಟ್ಟು ತೀರಿಕೊಂಡಳು. ಎರಡನೆಯವಳು ಇಂದು, ಕರಾಡದ ಅಣ್ಣಾ ಗಿಜರೆಯವರ ಮಗಳು. ಶೈಲಾಳನ್ನು ಹೊತ್ತು ಬೆಳೆಸಿದವಳು ಇವಳೇ. ನಮ್ಮಲ್ಲಿ ಎರಡನೆಯ ಹೆಂಡತಿ ಸತ್ತ ಸವತಿಯ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿಯ ತಗಡನ್ನು ಕೊರಳಲ್ಲಿ ಹಾಕಿಕೊಳ್ಳಬೇಕು. ಅದಕ್ಕೆ ಟಾಕು ಎನ್ನುತ್ತಾರೆ. ಇಂದು ಅದನ್ನು ತಾಳಿಯ ಪಕ್ಕದಲ್ಲೇ ಧರಿಸಿಕೊಂಡು ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ಮುಕುಂದರಾವ್ ಅವರ ಮನೆಯಲ್ಲಿದ್ದ ಬೆಳ್ಳಿ ಅದೊಂದೇ.

ಹೋದ ಮಾಘದಲ್ಲಿ ಶೈಲಾಳ ಮದುವೆ ಗೊತ್ತಾಯಿತು. ಗಂಡು ಫಲಟಣದವನು. ಅವನ ತಾಯಿ ಉಮಾಬಾಯಿ ಮಾತುಕತೆಗೆ ಬಂದಾಗ ಬಹಳ ಒಳ್ಳೆಯ ಮಾತಾಡಿದರು.

"ನಮಗೇನೂ ಬ್ಯಾಡ್ರಿ. ಹುಡುಗಿನ್ನ ಕೊಟ್ರ ಸಾಕು. ಬರೂ ಅಧಿಕ ಮಾಸಕ್ಕ ನಿಮ್ಮ ಪದ್ಧತಿ ಪ್ರಕಾರ ಏನು ಮಾಡ್ತೀರಿ, ಅಷ್ಟು ಮಾಡಿದ್ರಾತು."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಕುಂದರಾವ್ ಟೊಪ್ಪಿಗೆ ಸರಿಮಾಡಿಕೊಂಡರು.

"ಪದ್ಧತಿ ಅಂದ್ರ ಬೆಳ್ಳಿ ದೀಪ, ಉಮಾತಾಯಿ. ಅದೂ ಒಂದಲ್ಲ. ಜೋಡಿ."

ಹಿಂದೆ ನಿಂತಿದ್ದ ಇಂದು ಅವರ ಕೋಟಿನ ಚುಂಗು ಎಳೆದಳು. ಅವರು ಸೊಳ್ಳೆ ಎಂದು ತಿಳಿದು ಕೊಡವಿಕೊಂಡರು.

ಮದುವೆಯಾಯಿತು. ಅಧಿಕ ಜ್ಯೇಷ್ಠ ಹುಟ್ಟಿತು. ಹೊಸ ಅಳಿಯನಿಗೆ ಮೊದಲ ವಾಣ. ಅಮಾವಾಸ್ಯೆಯೊಳಗೆ ಅದು ತಲುಪದಿದ್ದರೆ ಹೊಸ ಸೊಸೆ ಮುಂದಿನ ಅಧಿಕದವರೆಗೆ ಅತ್ತೆಯ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಬೇಕು. ಇದನ್ನು ಮುಕುಂದರಾವ್ ಅವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಆದರೂ ಇಂದು ಹೇಳಿದಳು.

"ಜೋಡಿ ದೀಪ ಎಲ್ಲಿಂದ ತರ್ತೀರಿ?"

"ನಾ ಯಾಕ ತರ್ಲಿ? ತಾವ ಬರ್ತಾವ. ನನಗ ಇಬ್ಬರು ಮಾವಂದಿರು. ನಾನೂ ಒಬ್ಬ ಅಳಿಯ ಹೌದಲ್ಲ? ಸಾತಾರೆಯಿಂದ ಒಂದು ದೀಪ, ಕರಾಡದಿಂದ ಒಂದು. ಈ ಕೈಲಿ ತಗೊಂಡು ಆ ಕೈಲಿ ಫಲಟಣಕ್ಕ ಮುಟ್ಟಸೂದು. ವಾಯಿ ಊರಾಗ ಈ ಭಾಗ್ಯ ಇನ್ಯಾರಿಗದ?"

ಈ ಭಾಗ್ಯಕ್ಕಾಗಿ ಒಬ್ಬ ಹೆಂಗಸು ಸಾಯಬೇಕಾಯಿತು ಎಂಬುದು ಅವರಿಗೆ ಮರೆತೇ ಹೋಗಿತ್ತು.

"ಹೋದ ಅಧಿಕಕ್ಕ ನಮ್ಮ ಅಣ್ಣಾ ಒಂದು ತೆಂಗಿನಕಾಯಿ ಕಳಿಸಿದ್ರು," ಎಂದಳು ಇಂದು. "ಅದೂ ಕೊಳೆತದ್ದು. ಸಾತಾರೆಯವರು ಅದನ್ನೂ ಕಳಿಸಲಿಲ್ಲ. ನನ್ನ ಮಾತು ಕೇಳ್ರಿ. ಅಕ್ಕಿ ಅದ, ಬೆಲ್ಲ ಅದ. ಅನರಸ ನಾ ಮಾಡ್ತೀನಿ. ಹಿತ್ತಾಳಿ ದೀಪ ಒಂದು ಅದ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಬಂಗಾರದಂಗ ಆಗ್ತದ. ಕೊಟ್ಟು, ಕೈಮುಗದು ಬರ್ರಿ."

"ಬೆಳ್ಳಿ ಅಂತ ಹೇಳಿ ಹಿತ್ತಾಳಿ ಒಯ್ಯಲೇನು? ನನ್ನ ಮಾನ ಏನಾಗಬೇಕು?"

ಮಾನದ ಮಾತು ಬಂದ ಮೇಲೆ ಇಂದು ವಾದ ಬಿಟ್ಟು ಒಳಗೆ ಹೋದಳು. ಆದರೆ ಅವಳು ಅಕ್ಕಿ ನೆನೆಹಾಕಿದ ಸಪ್ಪಳ ನನಗೆ ಕೇಳಿಸಿತು. ಅನರಸದ ಹಿಟ್ಟು ಬೆಲ್ಲದಲ್ಲಿ ಕೂತು ಹದವಾಗಬೇಕು. ಅದಕ್ಕೆ ದಿನ ಹಿಡಿಯುತ್ತದೆ.

ಈಗ ಪ್ರಶ್ನೆ, ಮಾವಂದಿರಿಗೆ ನೆನಪು ಮಾಡುವುದು ಹೇಗೆ? ಅಳಿಯ ಬಾಯಿಬಿಟ್ಟು ಕೇಳಬಾರದು, ಸೂಚನೆ ಕೊಡಬಹುದು. ಮುಕುಂದರಾವ್ ಎರಡು ಕಾರ್ಡು ಬರೆದರು, ಎರಡರಲ್ಲೂ ಒಂದೇ ಒಕ್ಕಣೆ: "ಇಲ್ಲಿ ಎಲ್ಲರೂ ಕ್ಷೇಮ. ಅಧಿಕ ಮಾಸ ಶುರುವಾಗಿದೆ. ಸೆಕೆ ಬಹಳ."

ಸಾತಾರೆಯಿಂದ ತಾತ್ಯಾ ಬರೆದರು: "ಸೆಕೆ ಇಲ್ಲಿಯೂ ಬಹಳ."

ಕರಾಡದಿಂದ ಅಣ್ಣಾ ಬರೆದರು: "ಮಜ್ಜಿಗೆ ಕುಡಿಯಿರಿ."

ಇಷ್ಟರಲ್ಲಿ ಮುಕುಂದರಾವ್ ವಾಡೆಯಲ್ಲೆಲ್ಲ ಹೇಳಿಯಾಗಿತ್ತು. ನಲ್ಲಿಯ ಹತ್ತಿರ ದ್ವಾರಕಾಕಾಕು ಬಿಂದಿಗೆ ಹಿಡಿದು ನಿಂತಿದ್ದಾಗ ಅವರ ಕೈಗೆ ಸಿಕ್ಕಿಬಿದ್ದರು. ಈ ದ್ವಾರಕಾಕಾಕು ನಮ್ಮ ವಾಡೆಯ ವರ್ತಮಾನ ಪತ್ರಿಕೆ. ವ್ಯತ್ಯಾಸವೆಂದರೆ ಪತ್ರಿಕೆ ದಿನಕ್ಕೊಂದೇ ಸಲ ಬರುತ್ತದೆ.

"ಎರಡೂ ಕಡೆಯಿಂದ ವಾಣ ಅದ ಈ ಸಲ, ಕಾಕು. ಅರವತ್ತಾರು ಅನರಸ. ತಿನ್ನೋರು ಯಾರು? ಮನಿಗೆ ನಾಕ್ನಾಕು ಕಳಿಸ್ತೀನಿ."

"ನಮ್ಮ ಮನ್ಯಾಗ ಆರು ಮಂದಿ ಅದೀವಿ, ಮುಕುಂದರಾವ್," ಎಂದರು ಕಾಕು. ಅವರಿಗೆ ಆರು ಮಂಜೂರಾಯಿತು.

ಸೂಚನೆಗೆ ಮಜ್ಜಿಗೆ ಉತ್ತರ ಬಂದದ್ದನ್ನು ನೋಡಿ ಮುಕುಂದರಾವ್ ಬುದ್ಧಿ ಓಡಿಸಿದರು. ಅವರ ಬುದ್ಧಿ ಓಡಿದಾಗಲೆಲ್ಲ ಮನೆಯವರು ಹಿಂದೆ ಓಡಬೇಕಾಗುತ್ತದೆ. ಮಾವಂದಿರಿಬ್ಬರಿಗೂ ಪೈಪೋಟಿ ಹಚ್ಚಿದರೆ ಹೇಗೆ? ಸಾತಾರೆಗೆ ಬರೆದರು: "ಕರಾಡದವರು ಈ ಸಲ ವಿಜೃಂಭಣೆಯಿಂದ ವಾಣ ಕೊಡುತ್ತಾರಂತೆ." ಕರಾಡಕ್ಕೆ ಬರೆದರು: "ಸಾತಾರೆಯವರು ಈ ಸಲ ವಿಜೃಂಭಣೆಯಿಂದ ವಾಣ ಕೊಡುತ್ತಾರಂತೆ." ಒಬ್ಬರನ್ನು ನೋಡಿ ಒಬ್ಬರು ಉರಿದುಕೊಂಡು ದೀಪದ ಗಾತ್ರ ಹೆಚ್ಚಿಸುತ್ತಾರೆ ಎಂದು ಅವರ ಲೆಕ್ಕ. ಜನ ಪರರ ಔದಾರ್ಯ ಕಂಡು ಉರಿಯುವುದಿಲ್ಲ, ನಿಟ್ಟುಸಿರು ಬಿಡುತ್ತಾರೆ. ಅಷ್ಟು ಸಾಮಾನ್ಯ ಸಂಗತಿ ಐವತ್ತು ದಾಟಿದ ಮನುಷ್ಯನಿಗೆ ಗೊತ್ತಿರಲಿಲ್ಲ.

ಎರಡೂ ಕಡೆಯಿಂದ ಕೂಡಲೇ ಉತ್ತರ ಬಂತು. ತಾತ್ಯಾ ಬರೆದಿದ್ದರು: "ಬಹಳ ಸಂತೋಷ. ಅಮಾವಾಸ್ಯೆಗೆ ನಾನೇ ಬರುತ್ತೇನೆ. ಕಣ್ತುಂಬ ನೋಡಬೇಕು." ಅಣ್ಣಾ ಕೂಡ ಹೆಚ್ಚುಕಡಿಮೆ ಅದನ್ನೇ ಬರೆದಿದ್ದರು.

"ನೋಡು, ನೋಡು," ಎಂದು ಮುಕುಂದರಾವ್ ಕಾರ್ಡುಗಳನ್ನು ಇಂದುವಿನ ಮುಖದ ಮುಂದೆ ಆಡಿಸಿದರು. "ಇಬ್ಬರೂ ಬರ್ತಾರ. ಕೊಡೂದಿಲ್ಲದ ಬರ್ತಾರೇನು?"

"ನೋಡ್ತೀನಿ ಅಂತ ಬರದಾರ. ಕೊಡ್ತೀನಿ ಅಂತ ಎಲ್ಲಿ ಬರದಾರ?"

"ದೊಡ್ಡ ಮಂದಿ ಕೊಡ್ತೀನಿ ಅಂತ ಬರಿಯೂದಿಲ್ಲ."

ಈ ನಡುವೆ ಶೈಲಾ ಎರಡು ಸಲ ಬರೆದಿದ್ದಳು. ವಾಣ ಯಾವತ್ತು ಬರುತ್ತದೆ, ಅತ್ತೆ ಕೇಳುತ್ತಿದ್ದಾರೆ, ಅಷ್ಟೇ. ಎರಡನೆಯ ಸಲ 'ಅತ್ತೆ ಕೇಳುವುದನ್ನು ಬಿಟ್ಟಿದ್ದಾರೆ' ಎಂದು ಬರೆದಿದ್ದಳು. ಅದನ್ನು ಓದಿದ ದಿನ ಇಂದು ಊಟ ಮಾಡಲಿಲ್ಲ. ಮುಕುಂದರಾವ್ ಉತ್ತರ ಬರೆದರು: "ದೀಪಗಳಿಗೆ ಮೆರುಗು ಕೊಡುತ್ತಿದ್ದಾರೆ."

ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಗೋಡೆಯಾಚೆ ತುಪ್ಪದ ಪರಿಮಳ. ಇಂದು ಗಸಗಸೆಯ ಮೇಲೆ ತಟ್ಟಿ ಕರಿದ ಮೂವತ್ತಮೂರು ಅನರಸಗಳನ್ನು ಡಬ್ಬಿಗೆ ತುಂಬಿ, ತಿಕ್ಕಿದ ಹಿತ್ತಾಳೆ ದೀಪವನ್ನು ಬಟ್ಟೆಯಲ್ಲಿ ಸುತ್ತಿ ಗಂಡನ ಮುಂದೆ ಇಟ್ಟಳು.

"ಬೆಳಗಿನ ಮೋಟಾರಿಗೆ ಹೋಗ್ರಿ. ದೀಪ ಹಚ್ಚೂ ಹೊತ್ತಿಗೆ ಅಮಾಸಿ ಮುಗೀತದ."

"ಹುಚ್ಚಿ ಇದ್ದೀ. ಮಾವಂದಿರು ಬೆಳ್ಳಿ ಹಿಡಕೊಂಡು ಬಾಗಿಲಿಗೆ ಬಂದಾಗ ನಾ ಮನ್ಯಾಗಿರಬಾರದೇನು? ಮಧ್ಯಾಹ್ನದ ಮೋಟಾರಿಗೆ ಹೋದ್ರ ಹೊತ್ತಿಗೆ ಮುಟ್ತೀನಿ."

ಬೆಳಗಿನ ಮೋಟಾರು ಹೋಯಿತು.

ಮೊದಲು ಬಂದವರು ಕರಾಡದ ಅಣ್ಣಾ: ದಪ್ಪ ದೇಹ, ಹಣೆಗೆ ಹಸಿ ಗಂಧ, ಕೈಯಲ್ಲಿ ಭಾರವಾದ ಚೀಲ. ಹಿಂದೆಯೇ ಸಾತಾರೆಯ ತಾತ್ಯಾ: ಒಣಕಲು, ಉದ್ದ ಕೊಡೆ, ಅವರ ಕೈಯಲ್ಲೂ ಚೀಲ. ವಾಡೆಯ ಹೆಂಗಸರೆಲ್ಲ ಅಕ್ಕಿ ಆರಿಸುವ ನೆಪದಲ್ಲಿ ಅಂಗಳಕ್ಕೆ ಬಂದರು. ಆ ದಿನ ನಮ್ಮ ವಾಡೆಯಲ್ಲಿ ಒಂದು ಮದುವೆಗೆ ಸಾಲುವಷ್ಟು ಅಕ್ಕಿ ಸ್ವಚ್ಛವಾಯಿತು.

ಮಾವಂದಿರಿಬ್ಬರೂ ಚಾಪೆಯ ಎರಡು ತುದಿಗೆ ಕೂತರು. ಅಣ್ಣಾ ತಾತ್ಯಾರ ಚೀಲ ನೋಡಿದರು. ತಾತ್ಯಾ ಅಣ್ಣಾರ ಚೀಲ ನೋಡಿದರು. ಇಬ್ಬರ ಮುಖದಲ್ಲೂ ತೃಪ್ತಿ.

ಚಹಾ ಬಂತು. ಬರೀ ಚಹಾ ಕೊಡುವುದು ಹೇಗೆ? ಮುಕುಂದರಾವ್ ಕೈ ಡಬ್ಬಿಯ ಮುಚ್ಚಳಕ್ಕೆ ಹೋಯಿತು. ಇಂದು ಒಳಬಾಗಿಲಿನಿಂದ ಮೆಲ್ಲಗೆ ಹೇಳಿದಳು.

"ಅದು ಫಲಟಣದ್ದು."

"ಇನ್ನ ಅರ್ಧಾ ತಾಸಿಗೆ ಈ ಮನ್ಯಾಗ ಅರವತ್ತಾರು ಬೀಳ್ತಾವ. ನೀ ಯಾಕ ಜೀವ ಬಿಡ್ತೀ?"

ಡಬ್ಬಿ ತೆರೆಯಿತು.

"ನೀವು ತಗೋರಿ ತಾತ್ಯಾ."

"ಛೆ, ಛೆ, ನೀವು ಮೊದಲು, ಅಣ್ಣಾ."

"ನೀವು ಎರಡು ತಗೊಂಡ್ರ ನಾ ಒಂದು ತಗೋತೀನಿ."

"ಹಂಗಾದ್ರ ನೀವು ಮೂರು ತಗೋಬೇಕು."

ಈ ಮರ್ಯಾದೆಯ ಯುದ್ಧದಲ್ಲಿ ಇಬ್ಬರೂ ಐದೈದು ತಿಂದರು. "ಜಾಳಿ ಛಲೋ ಬಿದ್ದದ," ಎಂದು ಅಣ್ಣಾ ಅನರಸವನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿದರು. ಅಂಗಳದಿಂದ ದ್ವಾರಕಾಕಾಕು ಗಂಟಲು ಸರಿಮಾಡಿಕೊಂಡರು. ಮುಕುಂದರಾವ್ ದಾನಶೂರ ಕರ್ಣನ ಗತ್ತಿನಲ್ಲಿ ಡಬ್ಬಿ ಹಿಡಿದು ಹೊರಗೆ ಬಂದರು. ಕಾಕುಗೆ ಮಾತು ಕೊಟ್ಟಂತೆ ಆರು, ಉಳಿದವರಿಗೆ ಕೈಗೆ ಬಂದಷ್ಟು. ನನಗೂ ಎರಡು ಸಿಕ್ಕವು. ಬಹಳ ಚೆನ್ನಾಗಿದ್ದವು. ತಿನ್ನುವಾಗ ಬಾಗಿಲಲ್ಲಿ ನಿಂತಿದ್ದ ಇಂದುವಿನ ಕಡೆ ನೋಡದೆ ತಿಂದೆ.

ಡಬ್ಬಿ ಖಾಲಿಯಾಯಿತು. ಎಲ್ಲರೂ ಬಾಯಿ ಒರೆಸಿಕೊಂಡು ಕಾದರು. ಮಾವಂದಿರೂ ಕಾದರು.

"ಆಗಲಿ ತಾತ್ಯಾ, ಶುರು ಮಾಡ್ರಿ," ಎಂದರು ಅಣ್ಣಾ ಕೊನೆಗೆ.

"ನಾ ಏನು ಶುರು ಮಾಡ್ಲಿ? ನೀವು ಕೊಡ್ರಿ, ನಾ ನೋಡ್ಲಿಕ್ಕೆ ಬಂದೀನಿ."

"ನಾನೂ ನೋಡ್ಲಿಕ್ಕೇ ಬಂದೀನಲ್ಲ."

ಅಂಗಳದಲ್ಲಿ ಅಕ್ಕಿ ಆರಿಸುವ ಕೈಗಳೆಲ್ಲ ನಿಂತವು. ಇಬ್ಬರೂ ಜೇಬಿನಿಂದ ಕಾರ್ಡು ತೆಗೆದು ಪರಸ್ಪರ ತೋರಿಸಿದರು. ಆಮೇಲೆ ಇಬ್ಬರೂ ಅಳಿಯನ ಕಡೆ ನೋಡಿದರು. ಅಳಿಯ ಎರಡು ಚೀಲಗಳ ಕಡೆ ನೋಡುತ್ತಿದ್ದ.

"ಹಂಗಾದ್ರ ಚೀಲದಾಗ?" ಎಂದರು ಮುಕುಂದರಾವ್.

ಅಣ್ಣಾ ಚೀಲ ಬಿಚ್ಚಿದರು. ಒದ್ದೆ ಧೋತರ, ಒಂದು ತಂಬಿಗೆ ನೀರು. ತಾತ್ಯಾರ ಚೀಲದಲ್ಲೂ ಒದ್ದೆ ಧೋತರ, ಒಂದು ತಂಬಿಗೆ ನೀರು.

"ಅಧಿಕದ ಅಮಾಸಿ, ಕೃಷ್ಣಾ ಸ್ನಾನ," ಎಂದರು ತಾತ್ಯಾ. "ಈ ತಿಂಗಳು ಪುಣ್ಯ ಜಾಸ್ತಿ. ಹೆಂಗೂ ಬರೂದಿತ್ತು."

ಆಮೇಲೆ ನಡೆದದ್ದನ್ನು ಜಗಳ ಎನ್ನಲಾರೆ. ಅಷ್ಟು ಸಭ್ಯವಾದ ಮಾತುಗಳನ್ನು ನಾನು ಮೊದಲು ಕೇಳಿರಲಿಲ್ಲ.

"ಹಿರೇ ಮಾವ ನೀವು ಇರೂವಾಗ ನಾ ಮುಂದ ಬಂದು ಕೊಟ್ರ ನಿಮಗ ಅವಮಾನ," ಎಂದರು ಅಣ್ಣಾ. "ನಾ ಅಂಥ ಕೆಲಸ ಮಾಡಾಂವಲ್ಲ."

"ಮಗಳು ಹೋದ ಮ್ಯಾಲೆ ನಮ್ಮದೇನು ಉಳೀತು, ಅಣ್ಣಾ? ವಾಣ ದಂಪತಿಗೆ ಕೊಡೂದು. ಜೋಡೀಲೆ ಕೂಡ್ರೂದು ನಿಮ್ಮ ಮಗಳು. ನಿಮ್ಮ ಹಕ್ಕು ನಾ ಕಸಗೊಳ್ಳಲೇನು?"

"ನಿಮ್ಮ ವತ್ಸಲಾ ಎಲ್ಲಿ ಹೋಗ್ಯಾಳ? ನೋಡ್ರಿ, ನಮ್ಮ ಇಂದೂನ ಕೊರಳಾಗ ಟಾಕು ಅದ. ಅಕೀ ತಗೊಂಡ್ರ ನಿಮ್ಮ ಮಗಳು ತಗೊಂಡಂಗ."

"ಟಾಕು ಅದ ಖರೆ. ಆದ್ರ ಕೊರಳು ನಿಮ್ಮ ಮಗಳದಲ್ಲೇನು?"

ಎಲ್ಲರೂ ಇಂದುವಿನ ಕೊರಳು ನೋಡಿದರು. ಅವಳು ಟಾಕಿನ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. ಸತ್ತವಳೂ ಬದುಕಿದವಳೂ ಒಟ್ಟಿಗೆ ಒಳಗೆ ಹೋದಂತಾಯಿತು, ಯಾರಿಗೂ ನಾಚಿಕೆಯಾಗಲಿಲ್ಲ.

ದ್ವಾರಕಾಕಾಕು ನ್ಯಾಯ ಹೇಳಿದರು. "ಅರ್ಧಾ ಅರ್ಧಾ ಹಂಚ್ಕೋರಿ." ಮೂವತ್ತಮೂರರಲ್ಲಿ ಅರ್ಧವೆಂದರೆ ಹದಿನಾರೂವರೆ. ವಾಣದ ಅನರಸ ಮುರಿಯಬಾರದು. ಹಾಗಾದರೆ ಹದಿನೇಳು ಯಾರದು, ಹದಿನಾರು ಯಾರದು? ಹದಿನೇಳರ ಗೌರವ ತಾತ್ಯಾರಿಗೆ ಇರಲೆಂದು ಅಣ್ಣಾ, ಅಣ್ಣಾರಿಗೆ ಇರಲೆಂದು ತಾತ್ಯಾ. ಇನ್ನೂ ಕರಿಯದ, ಎಂದೂ ಕರಿಯದ ಒಂದು ಅನರಸಕ್ಕಾಗಿ ಮಧ್ಯಾಹ್ನದ ಮೋಟಾರೂ ಹೋಯಿತು.

ಆಗ ವಾಡೆಯ ಬಾಗಿಲಲ್ಲಿ ಶೈಲಾ ಬಂದು ನಿಂತಳು. ಜೊತೆಗೆ ಗಂಡನಿಲ್ಲ. ಅಧಿಕದಲ್ಲಿ ಮಗಳು ಬಂದು ತಾಯಿಗೆ ಉಡಿ ತುಂಬಬೇಕು. ಅದಕ್ಕಾಗಿ ಕಂಕುಳಲ್ಲಿ ಒಂದು ಸೀರೆಯ ಪೊಟ್ಟಣ. ಅವಳು ಅಜ್ಜಂದಿರಿಬ್ಬರ ಕಾಲಿಗೆ ಬಿದ್ದಳು. ತಾತ್ಯಾರಿಗೆ ಮಾತು ಬದಲಿಸಲು ಇಷ್ಟೇ ಬೇಕಾಗಿತ್ತು.

"ಬಾ ಮಗಳ. ನಿನ್ನ ಗಂಡಗ ನಿಮ್ಮಪ್ಪನ ಮನಿಯಿಂದ ಏನು ವಾಣ ಬಂತು?"

ಶೈಲಾ ಅಪ್ಪನನ್ನು ನೋಡಿದಳು. ಖಾಲಿ ಡಬ್ಬಿ ನೋಡಿದಳು. ಅಕ್ಕಿಯ ಮೊರ ಹಿಡಿದು ಕೂತ ನಮ್ಮನ್ನೆಲ್ಲ ನೋಡಿದಳು.

"ಬೆಳ್ಳಿ ದೀಪ, ಅಜ್ಜಾ," ಎಂದಳು. "ಜೋಡಿ."

ಮಾವಂದಿರಿಬ್ಬರ ಎದೆಯ ಭಾರ ಇಳಿದದ್ದು ಅಂಗಳಕ್ಕೇ ಕಾಣಿಸಿತು. ಅಣ್ಣಾ ಎದ್ದು ನಿಂತರು.

"ನೋಡ್ರಿ ತಾತ್ಯಾ, ಅಳಿಯಗ ಜೋಡಿ ಬೆಳ್ಳಿ ದೀಪ ಕೊಡೂ ಮನುಷ್ಯಾ ಇಂವ. ಇವಗ ನಮ್ಮದೇನು ಬೇಕು? ನಾವು ಬಡವರು ಕೊಟ್ರ ಅವಗ ಕಡಿಮಿ."

"ಖರೆ, ಖರೆ," ಎಂದರು ತಾತ್ಯಾ, ಕೊಡೆ ಹುಡುಕುತ್ತ.

ಇಬ್ಬರೂ ಒಂದೇ ಟಾಂಗಾದಲ್ಲಿ ಸ್ಟ್ಯಾಂಡಿಗೆ ಹೋದರು. ಆ ದಿನ ಅವರಿಬ್ಬರೂ ಹಂಚಿಕೊಂಡದ್ದೆಂದರೆ ಆ ಟಾಂಗಾ ಒಂದೇ.

"ಕೊಟ್ಟು ಬಂದೀನಿ ಅಂತ ಮೊದಲ ಹೇಳಬಾರದೇನ್ರಿ, ಮುಕುಂದರಾವ್," ಎಂದರು ದ್ವಾರಕಾಕಾಕು. "ಶಭಾಸ್." ಮುಕುಂದರಾವ್ ಟೊಪ್ಪಿಗೆ ಸರಿಮಾಡಿಕೊಂಡರು. ಅವರ ಮುಖದಲ್ಲಿ ಒಂದು ಗಳಿಗೆ ನಗು ಬಂತು. ಅದನ್ನು ನಾನು ಮರೆಯಲಾರೆ, ಕ್ಷಮಿಸಲೂ ಆರೆ.

ದೀಪ ಹಚ್ಚುವ ಹೊತ್ತಾಯಿತು. ಗೋಡೆಯಾಚೆ ಇಂದು ಕೇಳಿದಳು.

"ಅಲ್ಲಿ ಏನು ಹೇಳಿ ಬಂದಿ?"

"ಬಾಬಾಗ ಲಕ್ವಾ ಹೊಡದದ ಅಂತ ಹೇಳೀನಿ, ಆಯಿ," ಎಂದಳು ಶೈಲಾ. "ಅದಕ್ಕ ವಾಣ ಬರ್ಲಿಲ್ಲ ಅಂದೆ. ಎಡಗೈ ಏಳೂದಿಲ್ಲ, ಮಾತೂ ನಿಂತದ ಅಂದೆ. ಅತ್ತಿ ಮರಗಿದ್ರು. ನಾಳೆ ಮಾವ ನೋಡ್ಲಿಕ್ಕೆ ಬರ್ತಾರ."

ಆಮೇಲೆ ಪೆಟ್ಟಿಗೆಯಿಂದ ಕೌದಿ ಎಳೆಯುವ ಸಪ್ಪಳ ಕೇಳಿಸಿತು.

ಮರುದಿನ ನಿಜ ಜ್ಯೇಷ್ಠ. ಆ ಸೆಕೆಯಲ್ಲಿ ಮುಕುಂದರಾವ್ ಕೌದಿ ಹೊದ್ದು, ಎಡಗೈ ಸೊಟ್ಟ ಮಾಡಿ, ಬಾಯಿ ಮುಚ್ಚಿಕೊಂಡು ಮಲಗಿದರು. ಫಲಟಣದ ಬೀಗರು ಬಂದರು. ಗಂಭೀರ ಮನುಷ್ಯ. ತಲೆಯ ಹತ್ತಿರ ಕೂತು ಹಣೆ ಮುಟ್ಟಿ ನೋಡಿದರು.

"ಚಿಂತಿ ಮಾಡಬ್ಯಾಡ್ರಿ. ಜೀವಾ ಇದ್ರ ಮುಂದಿನ ಅಧಿಕ ಅದಲ್ಲ. ವಾಣ ಎಲ್ಲಿ ಓಡಿ ಹೋಗ್ತದ?"

ಅವರು ನಿಜವಾಗಿಯೂ ಒಳ್ಳೆಯವರು. ಅಧಿಕದೊಳಗೆ ಹಿತ್ತಾಳೆಯ ದೀಪವನ್ನೇ ಕೊಟ್ಟಿದ್ದರೂ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು. ಅಷ್ಟರಲ್ಲಿ ದ್ವಾರಕಾಕಾಕು ಹೊಸ ಬೀಗರನ್ನು ನೋಡಲು ಚಹಾದ ನೆಪ ಮಾಡಿಕೊಂಡು ಒಳಗೆ ಬಂದರು.

"ಏನ್ರಿ, ದೀಪ ಹೆಂಗ ಆಗ್ಯಾವ? ಜೋಡಿ ಬೆಳ್ಳಿ ದೀಪ ಅಂದ್ರೇನು ಸಣ್ಣ ಮಾತೇನು? ನಿನ್ನೆ ಶೈಲಾ ಎಲ್ಲಾರ ಮುಂದ ಹೇಳಿದ್ಲು."

ಬೀಗರು ಕಪ್ಪು ಕೆಳಗಿಟ್ಟು ಸೊಸೆಯ ಕಡೆ ನೋಡಿದರು. ಶೈಲಾಳ ಮುಖ ಬಿಳುಚಿಕೊಂಡಿತು. ದೀಪ ಕೊಡದ ಅಪ್ಪ, ಕೊಟ್ಟರೆಂದ ಮಗಳು. ಈ ಊರಿನಲ್ಲಿ ಒಂದು ಮಾತು, ಆ ಊರಿನಲ್ಲಿ ಒಂದು. ನಡುವೆ ಕೌದಿಯ ಕೆಳಗೆ ಒಬ್ಬ ಮನುಷ್ಯ ಬೆವರುತ್ತಿದ್ದ. "ಸುಳ್ಳು ಹುಡುಗಿಯದಲ್ಲ, ನನ್ನದು" ಎಂದು ಎದ್ದು ಕೂತಿದ್ದರೆ ಸಾಕಾಗಿತ್ತು. ಹುಟ್ಟಿದಾಗಿನಿಂದ ಬೇಡದ ಕಡೆಯಲ್ಲೆಲ್ಲ ಬಾಯಿಬಿಟ್ಟ ಮುಕುಂದರಾವ್ ಆಗ ಹಲ್ಲು ಕಚ್ಚಿ ಹಿಡಿದುಕೊಂಡು ಲಕ್ವಾದ ಮಾನ ಕಾಪಾಡಿದರು.

ಇಂದು ಒಳಗಿನಿಂದ ಹಿತ್ತಾಳೆ ದೀಪ ತಂದು ಬೀಗರ ಮುಂದೆ ಇಟ್ಟು ಕೈಮುಗಿದಳು.

"ಅಧಿಕ ನಿನ್ನೆಗೆ ಮುಗೀತಲ್ಲ, ವೈನಿ," ಎಂದರು ಅವರು, ಸಿಟ್ಟಿಲ್ಲದೆ. "ಇನ್ನ ಮೂರು ವರ್ಷ ನಿಮ್ಮ ಹತ್ರನ ಇರಲಿ." ಆಮೇಲೆ ಸೊಸೆಗೆ, "ನಡಿ," ಎಂದರು. ಅಷ್ಟೇ. ನಿನ್ನೆಯವರೆಗೆ ಅವರು ಅವಳಿಗೆ 'ನಡಿಯವ್ವ' ಎನ್ನುತ್ತಿದ್ದರಂತೆ.

ಮೋಟಾರು ಹೋದ ಮೇಲೂ ಮುಕುಂದರಾವ್ ಬಹಳ ಹೊತ್ತು ಏಳಲಿಲ್ಲ. ಇಂದು ಉಡಿ ತುಂಬಿದ ಸೀರೆಯನ್ನು ಮಡಚಿಡುವ ಸಪ್ಪಳ ಕೇಳಿಸಿತು. ಕೊನೆಗೆ ಕೌದಿ ಸರಿಯಿತು.

"ಸೆಕಿ ಬಹಳ ಅದ," ಎಂದರು.

"ಮಜ್ಜಿಗಿ ಕುಡೀರಿ," ಎಂದಳು ಇಂದು.